ಗೊಬ್ಬರದ ಬಕೆಟ್ ಹಿಡಿದು ತೀರ್ಥಹಳ್ಳಿಗೆ

ಏಪ್ರಿಲ್ ಕೊನೆಯ ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಸಾಗರದಿಂದ ಹೊರಟೆ. ಕೈಯಲ್ಲಿ ಒಂದು ಬಟ್ಟೆಚೀಲ. ಅದರೊಳಗೆ ಎರಡು ಸೀರೆ, ಬಿ.ಪಿ. ಮಾತ್ರೆ, ನೀರಿನ ಬಾಟಲಿ. ನಿವೃತ್ತಿಯಾದ ಮೇಷ್ಟ್ರುಗಳು ಕಾಶಿಗೋ ರಾಮೇಶ್ವರಕ್ಕೋ ಹೋಗಿ ಬಂದು ಪ್ರವಾಸ ಕಥನ ಬರೆಯುತ್ತಾರೆ. ನಾನು ಹೊರಟದ್ದು ಸಗಣಿ ನೋಡುವುದಕ್ಕೆ. ನಕ್ಕರೆ ನಗಿ, ನನ್ನ ತಂಗಿಯೂ ನಕ್ಕಳು.

ಕರೆದವಳು ಸಾವಿತ್ರಿ. ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದಾಗ ಮೂರು ವರ್ಷ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈಗ ನಿಟ್ಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಸಂಸಾರ. ಮಂಗಳವಾರ ಫೋನ್ ಮಾಡಿ, "ಟೀಚರ್, ನಮ್ ಗೊಬ್ಬರದಾಗೆ ಕಸುವೇ ಇಲ್ಲ ಅಂತ ಇವ್ರು ದನ ಎಲ್ಲ ಕೊಡಕ್ಕೆ ಹೊರಟಿದಾರೆ. ಸೋಮವಾರ ಗಾಡಿ ಬರುತ್ತೆ. ಒಂದ್ಸಲ ಬಂದು ನೋಡ್ತೀರಾ?" ಎಂದಿದ್ದಳು. ಅವಳ ಮನೆಯಲ್ಲಿದ್ದದ್ದು ಐದು ಮಲೆನಾಡು ಗಿಡ್ಡ ದನ. ಸೊಂಟದೆತ್ತರದ ಆ ದನಗಳು ಕೊಡುವ ಹಾಲು ಮನೆಯ ಚಹಾಕ್ಕೆ ಸಾಲುವಷ್ಟು. ಅವುಗಳನ್ನು ಸಾಕುವುದೇ ಗೊಬ್ಬರಕ್ಕೆ. ಗೊಬ್ಬರವೇ ಕೆಲಸಕ್ಕೆ ಬಾರದು ಎಂದಾದ ಮೇಲೆ ದನ ಯಾಕೆ ಎಂಬುದು ಅವಳ ಗಂಡನ ವಾದ. ಆ ಐದರಲ್ಲಿ ಕೌಲಿ ಎಂಬ ಹಸು ಅವಳು ತವರಿನಿಂದ ಹೊಡೆದುಕೊಂಡು ಬಂದದ್ದು.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದು ಎಲ್ಲರೂ ನನಗೆ ನೆನಪಿಸುತ್ತಾರೆ. ನಾನು ಹೋಗುವ ದಾರಿಗೆಲ್ಲ ಮಾತ್ರ ಖಾಸಗಿ ಬಸ್ಸೇ ಬರುತ್ತದೆ, ಅದು ನನ್ನ ಹಣೆಬರಹ. ಬಟ್ಟೆಮಲ್ಲಪ್ಪ ಎಂಬ ಊರಿನ ಮೇಲೆ ಹಾದು ಹೊಸನಗರ ಮುಟ್ಟುವಾಗ ಎಂಟೂವರೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ಚಹಾ ಕುಡಿದೆ. ಬನ್ಸ್ ಬಿಸಿಯಾಗಿತ್ತು, ಚಹಾ ಬರೀ ಸಕ್ಕರೆ ನೀರು. ಒಂಬತ್ತೂವರೆಗೆ ನಿಟ್ಟೂರಿನ ಬಸ್ಸು ಸಿಕ್ಕಿತು.

ನಗರ ಎಂಬ ಊರು ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ ಹೋದಂತೆ ನನ್ನ ಪಿತ್ತ ಏರತೊಡಗಿತು. ರಸ್ತೆಯ ಎರಡೂ ಕಡೆ ಒಣಗಿ ಬಿರುಕುಬಿಟ್ಟ ಗದ್ದೆ, ಗದ್ದೆಯ ತುಂಬ ಸಾಲು ಸಾಲಾಗಿ ಗೊಬ್ಬರದ ಸಣ್ಣ ಗುಡ್ಡೆ, ಕುಪ್ಪೆ. ಒಂದೊಂದು ಹೆಡಿಗೆ ಬುಟ್ಟಿಗೆ ಒಂದೊಂದು ಕುಪ್ಪೆ, ಮೊಳ ಹಾಕಿ ಅಳೆದಿಟ್ಟ ಹಾಗೆ. ಮಳೆ ಬೀಳಲು ಇನ್ನೂ ಒಂದೂವರೆ ತಿಂಗಳಿತ್ತು. ಅಷ್ಟು ದಿನ ಆ ಗೊಬ್ಬರ ಹೀಗೇ ಬಿಸಿಲಿಗೆ ಬಿದ್ದಿರುತ್ತದೆ. ಸಗಣಿ ಗಂಜಲದಲ್ಲಿ ಪೈರಿಗೆ ಬೇಕಾದ ಸಾರಜನಕ ಇರುತ್ತದೆ. ಅದರಲ್ಲಿ ಒಂದು ಪಾಲು ಅಮೋನಿಯ ಅನಿಲವಾಗಿ ಹಾರಿಹೋಗಲು ಬಿಸಿಲು, ಗಾಳಿ ಇಷ್ಟೇ ಸಾಕು. ಮಣ್ಣಿನಡಿ ಸೇರಿದರೆ ಉಳಿಯುತ್ತದೆ, ಮೇಲಿದ್ದರೆ ಹೋಗುತ್ತದೆ. ವರ್ಷವಿಡೀ ಸೊಪ್ಪು ಹೊತ್ತು, ಕೊಟ್ಟಿಗೆ ಬಾಚಿ, ಗುಂಡಿ ತುಂಬಿ ಮಾಡಿದ ಗೊಬ್ಬರವನ್ನು ಜನ ತಾವಾಗಿಯೇ ಹೊತ್ತು ತಂದು ಗಾಳಿಗೆ ಹಂಚುತ್ತಿದ್ದರು. ಇಳಿದು ಒಬ್ಬೊಬ್ಬರ ಮನೆಯ ಬಾಗಿಲು ತಟ್ಟಿ ಬೈಯಬೇಕೆನಿಸಿತು. ಪಕ್ಕದಲ್ಲಿ ಕೂತವನಿಗೆ ಅಷ್ಟಿಷ್ಟು ಹೇಳಿಯೂ ಹೇಳಿದೆ. ಅವನು ಪಾಪ ಮೊಬೈಲ್ ರಿಪೇರಿಯವನು, ತಲೆಯಾಡಿಸಿದ.

ನಿಟ್ಟೂರಿಗೆ ಎರಡು ಕಿಲೋಮೀಟರ್ ಇರುವಾಗಲೇ ಇಳಿದೆ. ಸಾವಿತ್ರಿ ರಸ್ತೆಯಂಚಿಗೆ ಬಂದು ನಿಂತಿದ್ದಳು. ಮನೆಗೂ ಹೋಗದೆ ಮೊದಲು ಗದ್ದೆ ತೋರಿಸು ಎಂದೆ. ಅಲ್ಲಿಯೂ ಅದೇ ಕುಪ್ಪೆಗಳ ಸಾಲು, ಜೊತೆಗೆ ಅವಳ ಮಾವ ಚೌಡಪ್ಪನವರು. ಗೇಣಿಗೆ ಮಾಡುತ್ತಿದ್ದ ಅದೇ ಗದ್ದೆಯನ್ನು, ಉಳುವವನೇ ಒಡೆಯ ಎಂದ ಡಿಕ್ಲರೇಷನ್ ಕಾಲದಲ್ಲಿ ಸ್ವಂತ ಮಾಡಿಕೊಂಡ ಮನೆತನ ಅವರದು. ಒಡೆಯರಿಗೆ ಅಳೆದು ಕೊಟ್ಟ ಮೇಲೆ ಉಳಿದದ್ದನ್ನು ಉಂಡು ಬೆಳೆದವರು. ಸ್ವಂತ ಗದ್ದೆಗೆ ಬೀಳುವ ಗೊಬ್ಬರ ರಸ್ತೆಯಲ್ಲಿ ಹೋಗುವವರಿಗೆ ಕಾಣಬೇಕು ಎಂಬುದು ಅವರಿಗೆ ಮಾನದ ಮಾತು. ಊರಿನಲ್ಲಿ ಯಾರ ಗದ್ದೆಯಲ್ಲಿ ಎಷ್ಟು ಕುಪ್ಪೆ ಎಂದು ಜನ ಎಣಿಸುತ್ತಾರಂತೆ.

ಬಿಸಿಲಿಗೆ ಯಾಕೆ ಹಾಕಿದಿರಿ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನ್ನ ಸಿಟ್ಟನ್ನು ಸ್ವಲ್ಪ ಇಳಿಸಿತು. ಮಳೆ ಹಿಡಿದರೆ ಗದ್ದೆಯ ದಾರಿ ಕೆಸರಾಗಿ ಟಿಲ್ಲರಿನ ಟ್ರೈಲರ್ ಒಳಗೆ ಬರುವುದಿಲ್ಲ. ಅಷ್ಟೂ ಗೊಬ್ಬರವನ್ನು ತಲೆಯ ಮೇಲೆ ಹೊರಲು ಆಳು ಸಿಗುವುದಿಲ್ಲ. ದಾರಿ ಒಣಗಿದ್ದಾಗಲೇ ಸಾಗಿಸಬೇಕು. ಬಸ್ಸಿನಲ್ಲಿ ಕೂತು ಬೈಯುವುದು ಎಷ್ಟು ಸುಲಭ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸಾಗಿಸಿ ಒಂದೇ ಕಡೆ ದೊಡ್ಡದಾಗಿ ರಾಶಿ ಹಾಕಿ ಮಣ್ಣು ಮುಚ್ಚಬಹುದಿತ್ತು, ಉಳುವ ದಿನ ಹರಡಬಹುದಿತ್ತು. ಹಾಗೆ ಮಾಡಿದರೆ ಕುಪ್ಪೆ ಕಾಣುವುದಿಲ್ಲವಲ್ಲ.

ಚೌಡಪ್ಪನವರು ಒಂದು ಕುಪ್ಪೆಯನ್ನು ಗುದ್ದಲಿಯಿಂದ ಕೆದಕಿದರು. ಒಳಗಿನಿಂದ ಎದ್ದ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸುಮ್ಮನೆ ಬಿಸಿಲಿಗೆ ಬಿದ್ದ ಗೊಬ್ಬರ ಇಷ್ಟು ಘಾಟಾಗುವುದಿಲ್ಲ.

"ನೋಡಿ ಟೀಚರಮ್ಮ, ಹೆಂಗೈತೆ ಘಾಟು," ಎಂದರು ಅವರು ಬಹಳ ಸಂತೋಷದಿಂದ. "ಘಾಟಿದ್ರೆ ಕಸುವು. ಈ ಎರಡು ವರ್ಷ ರಸ್ತೆ ತನಕ ಹೊಡೀತದೆ. ಆದ್ರೂ ಪೈರು ಹಳದಿ ತಿರುಗ್ತದೆ, ಅದೇ ಅರ್ಥ ಆಗ್ತಿಲ್ಲ."

ಎರಡು ವರ್ಷದಿಂದ ಹೊಸದಾಗಿ ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. ಸಾವಿತ್ರಿ ಕುಪ್ಪೆಗೆ ಕೈಹಾಕಿ ಒಂದು ಹಿಡಿ ಎತ್ತಿ ತೋರಿಸಿದಳು. ಕಪ್ಪು ಗೊಬ್ಬರದ ನಡುವೆ ಬಿಳಿ ಬಿಳಿ ಹರಳು. ಸುಣ್ಣ. ಮಲೆನಾಡಿನ ಮಣ್ಣು ಹುಳಿ ಮಣ್ಣು, ಸುಣ್ಣ ಹಾಕಿದರೆ ಒಳ್ಳೆಯದು ಎಂದು ರೈತರಿಗೆ ತರಬೇತಿ ಕೊಡುವ ಒಂದು ಸಂಸ್ಥೆಯವರು ಊರಿಗೆ ಬಂದು ಹೇಳಿದ್ದರು. ಅದು ತಪ್ಪಲ್ಲ. ಆದರೆ ಬಂದವರಲ್ಲಿ ಒಬ್ಬರು, ಎರಡೆರಡು ಸಲ ಹರಡುವುದು ಯಾಕೆ, ಗೊಬ್ಬರದ ಗುಂಡಿಯಲ್ಲೇ ಸುಣ್ಣ ಕಲಸಿಬಿಡಿ, ಒಂದು ಆಳು ಉಳಿಯುತ್ತದೆ ಎಂದೂ ಹೇಳಿ ಹೋಗಿದ್ದರಂತೆ. ಇವರು ಕಲಸಿದರು, ಘಾಟು ಎದ್ದಿತು. ಸುಣ್ಣ ಬಿದ್ದು ಗೊಬ್ಬರ ಎಚ್ಚರವಾಯಿತು ಎಂದು ಊರೆಲ್ಲ ಖುಷಿಪಟ್ಟಿತು. ಘಾಟು ಎಂದರೆ ಕಸುವು ಹೊರಗೆ ಹೋಗುತ್ತಿರುವುದು ಎಂದು ಒಬ್ಬರೂ ಹೇಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆ ಉರಿ ಮೊದಲು ಆ ಸಂಸ್ಥೆಯ ಮೇಲಿತ್ತು. ಸಾವಿತ್ರಿ ಮೆಲ್ಲಗೆ ಒಂದು ಮಾತು ಕೇಳಿದಳು: "ಟೀಚರ್, ನವಸಾಗರಕ್ಕೆ ಸುಣ್ಣ ಹಾಕಿ ಬಿಸಿ ಮಾಡಿ ತೋರಿಸ್ತಿದ್ರಲ್ಲ, ಅದೇ ಅಲ್ವಾ ಇದು?"

ಅದೇ. ಮೂವತ್ತು ವರ್ಷ ಪ್ರತಿ ಬ್ಯಾಚಿಗೂ ಆ ಪ್ರಯೋಗ ಮಾಡಿ ತೋರಿಸಿದ್ದೇನೆ. ನವಸಾಗರ ಎಂಬ ಉಪ್ಪು, ಅದಕ್ಕೆ ಸುಣ್ಣ, ಎದ್ದು ಬರುವುದು ಅಮೋನಿಯ. ಪ್ರನಾಳದ ಬಾಯಿಗೆ ಕೆಂಪು ಲಿಟ್ಮಸ್ ಹಿಡಿದು ನೀಲಿ ಮಾಡಿಸಿದ್ದೇನೆ. ಸಮೀಕರಣ ಸರಿದೂಗಿಸದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಎದುರಿಗೆ ಕೂತ ಮಕ್ಕಳಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ಕೊಟ್ಟಿಗೆ ಬಾಚಿ ಬಂದವರು. ನಿಮ್ಮ ಗೊಬ್ಬರದ ಗುಂಡಿಗೆ ಸುಣ್ಣ ಬಿದ್ದರೂ ಇದೇ ಆಗುತ್ತದೆ ಎಂದು ಒಂದು ದಿನ, ಒಂದೇ ಒಂದು ದಿನವೂ ಹೇಳಿರಲಿಲ್ಲ. ಸಾವಿತ್ರಿ ಆ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು. ನಾನು ಆಗ ಅವಳ ಮುಖ ನೋಡಲಾರದೆ ಕಾಲುವೆಯ ಕಡೆ ತಿರುಗಿಕೊಂಡೆ.

ಲಿಟ್ಮಸ್ ಇರಲಿಲ್ಲ, ಆದರೆ ಅಮೋನಿಯ ತಾಗಿದರೆ ಅರಿಶಿನವೂ ಕೆಂಪಾಗುತ್ತದೆ. ಮನೆಯಿಂದ ಅರಿಶಿನ ತರಿಸಿ ಎರಡು ಬಿಳಿ ಬಟ್ಟೆಯ ಚೂರಿಗೆ ಹಚ್ಚಿ ನೀರಲ್ಲಿ ಅದ್ದಿದೆ. ಸುಣ್ಣ ಬೀಳದ ಹೊಸ ಗೊಬ್ಬರವನ್ನು ಒಂದು ಬಕೆಟ್ಟಿಗೂ ಸುಣ್ಣದ್ದನ್ನು ಇನ್ನೊಂದಕ್ಕೂ ಹಾಕಿ, ಬಟ್ಟೆಯನ್ನು ಒಳಗೆ ತಾಗದಂತೆ ಇಳಿಬಿಟ್ಟು ಮುಚ್ಚಳ ಹಾಕಿದೆವು. ಊಟ ಮುಗಿಸಿ ಬಂದು ತೆಗೆದಾಗ ಮೊದಲನೆಯದು ಹಳದಿಯಾಗಿಯೇ ಇತ್ತು. ಎರಡನೆಯದು ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಚೌಡಪ್ಪನವರು ಎರಡನ್ನೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಎಲೆಯಡಿಕೆ ಚೀಲ ಬಿಚ್ಚಿದರು.

ಸಾವಿತ್ರಿಯ ಗಂಡ ನಾಗರಾಜ ಮೂರು ಗಂಟೆಗೆ ಬಂದ. ಒಳ್ಳೆಯವನು, ದುಡಿದು ಸುಣ್ಣವಾದವನು. ಕೆಂಪಾದ ಬಟ್ಟೆಯನ್ನು ಮರ್ಯಾದೆಯಿಂದಲೇ ನೋಡಿದ. ಆದರೆ ದನ ಕೊಡುವುದು ನಿಶ್ಚಯವಾಗಿತ್ತು. ಶಿಕಾರಿಪುರದ ಆಚೆಯ ಒಂದು ಫಾರ್ಮಿನವರು ದೇಸಿ ದನ ಹುಡುಕುತ್ತಿದ್ದರು. ನಾನು ಹೇಳಿದ್ದಕ್ಕೆಲ್ಲ ಅವನು ಹೂಂಗುಟ್ಟಿದ. ಕೊನೆಗೆ, "ನೀವು ಹೇಳೋದು ಸರಿ ಇರಬೌದು ಟೀಚರ್. ಆದ್ರೆ ಕಲಸಿ ಅಂದೋರೂ ಓದಿದೋರೇ ಅಲ್ವಾ," ಎಂದ.

ಅದಕ್ಕೆ ಉತ್ತರ ಕೊಟ್ಟವಳು ಸಾವಿತ್ರಿ. ಮರುದಿನ ಶುಕ್ರವಾರ ಅದೇ ಸಂಸ್ಥೆಯವರ ತರಬೇತಿ ತೀರ್ಥಹಳ್ಳಿಯಲ್ಲಿತ್ತು. ತಪ್ಪು ಹೇಳಿದವರ ಬಾಯಿಂದಲೇ ಸರಿ ಮಾತು ಹೇಳಿಸಿ ಮೊಬೈಲಿಗೆ ರೆಕಾರ್ಡ್ ಮಾಡಿಕೊಂಡು ಬರುತ್ತೇನೆ, ಅದನ್ನು ಕೇಳಿದ ಮೇಲೆ ದನದ ವಿಷಯ ತೀರ್ಮಾನ ಮಾಡಿ ಎಂದು ಅವಳು ಗಂಡನಿಗೆ ಹೇಳಿದಳು. ನಾಗರಾಜ ಆಗಲಿ ಎಂದ. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.

ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲಿನ ಬಸ್ಸಿಗೆ ನಾವಿಬ್ಬರು ಹತ್ತಿದೆವು. ಮೂರನೆಯದು ಪೇಂಟಿನ ಹಳೆಯ ಬಕೆಟ್, ತುಂಬ ಸುಣ್ಣದ ಗೊಬ್ಬರ, ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ. ಒಳಗೇನು ಎಂದು ಕಂಡಕ್ಟರ್ ಕೇಳಿದ. ಉಪ್ಪಿನಕಾಯಿ ಎಂದೆ. ಇಪ್ಪತ್ತು ರೂಪಾಯಿ ಲಗೇಜು ಹಾಕಿದ. ನಗರದಲ್ಲಿ ಬಸ್ ಬದಲಿಸಬೇಕಿತ್ತು, ಅಲ್ಲಿ ಮುಕ್ಕಾಲು ಗಂಟೆ ಕಾದೆವು. ಮೋಡ ಮುಚ್ಚಿ ಗಾಳಿಯಿಲ್ಲದೆ ಬೆವರು ಸುರಿಯುತ್ತಿತ್ತು. ಎರಡನೇ ಬಸ್ಸಿನ ಡ್ರೈವರ್ ಒಂದು ಹೊಂಡಕ್ಕೆ ಇಳಿಸಿದಾಗ ಮುಚ್ಚಳ ಸಡಿಲಿತು. ಹಿಂದಿನ ಸೀಟಿನವರು ಕಿಟಕಿ ತೆರೆದರು, ಆಮೇಲೆ ಮುಂದಿನವರೂ ತೆರೆದರು. ಯಾರ ಮಗು ಏನು ಮಾಡಿಕೊಂಡಿತು ಎಂಬ ಚರ್ಚೆ ತೀರ್ಥಹಳ್ಳಿಯವರೆಗೂ ನಡೆಯಿತು. ಸಾವಿತ್ರಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆ ಎರಡು ದಿನದಲ್ಲಿ ಅವಳು ನಕ್ಕದ್ದು ಅಷ್ಟು ಹೊತ್ತು ಮಾತ್ರ.

ತುಂಗೆಯಲ್ಲಿ ನೀರು ತಳಕ್ಕಿಳಿದಿತ್ತು, ಬಂಡೆಗಳೆಲ್ಲ ಹೊರಬಿದ್ದಿದ್ದವು. ಅದನ್ನು ನೋಡಿಕೊಂಡು ಇಡ್ಲಿ ತಿಂದು ಸಭಾಂಗಣ ಸೇರಿದಾಗ ಹತ್ತೂವರೆ. ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ಸ್ವಾಗತ, ಹಾರ, ದೀಪ, ಭಾಷಣ. ನಂತರ ಬಂದ ಸಂಸ್ಥೆಯ ಅಧಿಕಾರಿಗಳು ಪರದೆಯ ಮೇಲೆ ಚಿತ್ರ ತೋರಿಸಿದರು. ವಿಷಯ ಗೊಬ್ಬರದ ಸಾರಜನಕ ಉಳಿಸುವುದೇ ಆಗಿತ್ತು, ನನಗೆ ಆಸೆ ಹುಟ್ಟಿತು. ಚಿತ್ರದಲ್ಲಿ ಕಂಡದ್ದು ಯಾವುದೋ ದೇಶದ ಬಯಲು. ಮನೆಯಷ್ಟೆತ್ತರದ ಯಂತ್ರ ಸಗಣಿಯ ಬಗ್ಗಡವನ್ನು ಕೊಳವೆಗಳಿಂದ ನೆಲದೊಳಗೆ ತೂರಿಸುತ್ತಿತ್ತು. ನಮ್ಮ ಬದುವಿನ ಮೇಲೆ ಇಬ್ಬರು ಎದುರುಬದುರಾಗಿ ದಾಟಲು ಆಗುವುದಿಲ್ಲ. ಮಳೆ ನೀರನ್ನೇ ನಂಬಿದ ಅರ್ಧ ಎಕರೆ ಮಕ್ಕಿ ಗದ್ದೆಯ ಜನಕ್ಕೆ ಆ ಯಂತ್ರ ತೋರಿಸುವುದು ಹಸಿದವರಿಗೆ ಅಡುಗೆ ಪುಸ್ತಕ ಓದಿದ ಹಾಗೆ. ಮುಕ್ಕಾಲು ಗಂಟೆ ಅದನ್ನೇ ತೋರಿಸಿದರು. ಮುಚ್ಚಿಡಿ, ಬಿಸಿಲಿಗೆ ಬಿಡಬೇಡಿ, ಹರಡಿದ ದಿನವೇ ಉಳಿ, ಈ ಮೂರು ಮಾತಿಗೆ ಒಂದು ನಿಮಿಷ ಸಾಕಿತ್ತು. ಆ ನಿಮಿಷ ಬರಲೇ ಇಲ್ಲ.

ಪ್ರಶ್ನೆ ಕೇಳಬಹುದು ಎಂದಾಗ ನಾನು ಏಳಹೋದೆ. ಸಾವಿತ್ರಿ ನನ್ನ ಕೈ ಹಿಡಿದು ಕೂರಿಸಿ ತಾನೇ ಎದ್ದಳು. ಬಕೆಟ್ ಎತ್ತಿಕೊಂಡು ಹೋಗಿ ಮುಂದಿನ ಸಾಲಿನ ಎದುರಿಗಿಟ್ಟು ಮುಚ್ಚಳ ತೆಗೆದಳು. ಹಾರ ಹಾಕಿಸಿಕೊಂಡವರು ಒಬ್ಬೊಬ್ಬರಾಗಿ ಕರ್ಚೀಫು ತೆಗೆದರು. ಹಿಂದೆ ಕೂತ ರೈತರಲ್ಲಿ ಒಬ್ಬರು, ಒಳ್ಳೇ ಗೊಬ್ಬರ, ಘಾಟು ನೋಡಿ ಎಂದರು. ಸುತ್ತಲಿನ ನಾಲ್ಕೈದು ಜನ ಹೌದೌದು ಎಂದರು.

ಸಾವಿತ್ರಿ ಅವರ ಕಡೆ ತಿರುಗಿದಳು. "ನಾವೂ ಹಂಗೇ ತಿಳಕಂಡಿದ್ವಿ ಅಣ್ಣ. ಇದು ನಮ್ ಗದ್ದೆಗೆ ಹೋಗಬೇಕಾದ್ದು. ಸುಣ್ಣ ಕಲಸಿ ಅಂದ್ರು, ಕಲಸಿದ್ವಿ. ಎಲ್ಲರ ಮೂಗಿಗೆ ಹೋಗ್ತಿದೆ, ಪೈರಿಗೆ ಇಲ್ಲ." ಆಮೇಲೆ ಅಧಿಕಾರಿಗಳ ಕಡೆ ಮೊಬೈಲ್ ಹಿಡಿದು, ಗೊಬ್ಬರಕ್ಕೆ ಸುಣ್ಣ ಕಲಸಬಹುದೋ ಬಾರದೋ ಹೇಳಿ ಎಂದು ಕೇಳಿದಳು.

ಅಧಿಕಾರಿಗಳು ಸ್ವಲ್ಪವೂ ತಡವರಿಸಲಿಲ್ಲ. ಕಲಸಲೇಬಾರದು, ಮೊದಲು ಸುಣ್ಣ ಹಾಕಿ ಮಣ್ಣಿಗೆ ಸೇರಿಸಬೇಕು, ಕೆಲವು ವಾರ ಬಿಟ್ಟು ಗೊಬ್ಬರ ಹಾಕಿ ಕೂಡಲೇ ಉಳಬೇಕು, ಇದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ ಎಂದರು. ಎಲ್ಲರಿಗೂ ಗೊತ್ತಂತೆ. ಗೊತ್ತಿಲ್ಲದೆ ತಪ್ಪಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ. ಹಾಗಾದರೆ ನೀವು ಹಂಚಿದ ಕರಪತ್ರದಲ್ಲಿ ಅದು ಯಾಕಿಲ್ಲ ಎಂದು ಕೂತಲ್ಲಿಂದಲೇ ಕೇಳಿದೆ. ಜಾಗ ಸಾಲಲಿಲ್ಲ ಮೇಡಂ ಎಂದರು. ಕರಪತ್ರ ನನ್ನ ಕೈಯಲ್ಲಿತ್ತು. ಮೇಲಿನ ಅರ್ಧ ಹಾರ ಹಾಕಿಸಿಕೊಂಡವರ ಫೋಟೋ, ಒಟ್ಟು ಏಳು ಮುಖ. ಅದರಲ್ಲಿ ಒಂದು ಮುಖ ತೆಗೆದಿದ್ದರೆ ಆ ಸಾಲು ಹಿಡಿಸುತ್ತಿತ್ತು. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಊಟಕ್ಕೆ ಏಳಿ ಎಂದು ಘೋಷಣೆ ಮಾಡಿಬಿಟ್ಟರು.

ನಾವು ಊಟಕ್ಕೆ ನಿಲ್ಲಲಿಲ್ಲ. ಹಿಂದಿನ ಸಾಲಿನ ರೈತರು ಬಕೆಟ್ಟಿನ ಸುತ್ತ ಸೇರಿದ್ದರು, ಅವರಿಗೆ ಸಾವಿತ್ರಿ ಅರಿಶಿನದ ಬಟ್ಟೆಯ ಕಥೆ ಹೇಳಿದಳು. ಬಕೆಟ್ಟನ್ನು ಅಲ್ಲೇ ಬಿಟ್ಟು ಎರಡು ಗಂಟೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವಳು ರೆಕಾರ್ಡಿಂಗನ್ನು ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳಿದಳು. ಗದ್ದೆಯ ಮೂಲೆಯಲ್ಲಿ ಎಲ್ಲಿ ರಾಶಿ ಹಾಕಬೇಕು, ಮೇಲೆ ಎಷ್ಟು ಮಣ್ಣು, ಕೊಟ್ಟಿಗೆಯ ಗಂಜಲ ಹರಿದು ಹೋಗದಂತೆ ಒಣ ಎಲೆಯ ದರಗು ಎಷ್ಟು ಹಾಸಬೇಕು, ಎಲ್ಲ ಕೇಳಿ ಕೇಳಿ ಗಟ್ಟಿ ಮಾಡಿಕೊಂಡಳು. ಮುಂದಿನ ವರ್ಷದ ಪೈರು ನೋಡಲು ಬರಲೇಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಮನೆ ಮುಟ್ಟುವಾಗ ಐದೂಕಾಲು. ಚೌಡಪ್ಪನವರು ಜಗಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಾವಿತ್ರಿ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟಳು. ಐದು ಗೂಟ, ಐದೂ ಖಾಲಿ. ಕಣ್ಣಿಹಗ್ಗ ಎರಡು ಅಲ್ಲೇ ಬಿದ್ದಿದ್ದವು.

ಪಕ್ಕದ ಮನೆಯ ದನಕ್ಕೆಂದು ಫಾರ್ಮಿನ ಗಾಡಿ ಮಧ್ಯಾಹ್ನವೇ ಬಂದಿತ್ತಂತೆ. ನಾಗರಾಜ ತನ್ನ ಮನೆಯ ಐದನ್ನೂ ಅದಕ್ಕೇ ಹತ್ತಿಸಿದ್ದ. ಇನ್ನು ಮೂರು ದಿನ ಕಾಯಲು ನಿನಗೇನಾಗಿತ್ತು ಎಂದು ನಾನು ಕೂಗಿದೆ. ಅವನು ತಲೆ ಎತ್ತಲಿಲ್ಲ.

"ನೀವಿಬ್ರೂ ವಾಪಸ್ ಬಂದ್ಮೇಲೆ ನನ್ ಕೈಲಿ ಆಗ್ತಿರ್ಲಿಲ್ಲ ಟೀಚರ್," ಎಂದ. "ನಾನು ಸೋತು ಹೋಗಿದೀನಿ. ಸೋಮವಾರ ಆಗಿದ್ರೆ ನಾನು ದನ ಕೊಡದು ಬ್ಯಾಡ ಅಂತಿದ್ದೆ. ಮತ್ತೆ ಹತ್ತು ವರ್ಷ ಸೊಪ್ಪು ಹೊರಬೇಕಿತ್ತು."

ಯಾರಿಗೆ ಬೈಯಲಿ? ಇವನಿಗೋ, ಜಾಗ ಸಾಲಲಿಲ್ಲ ಎಂದವರಿಗೋ, ಪ್ರನಾಳ ಹಿಡಿದು ಮೂವತ್ತು ವರ್ಷ ಸಂಬಳ ತಿಂದ ನನಗೋ? ಸಾವಿತ್ರಿ ಅಳಲಿಲ್ಲ. ರೆಕಾರ್ಡಿಂಗ್ ಹಾಕಿ ಗಂಡನಿಗೆ ಕೇಳಿಸಲೂ ಇಲ್ಲ. ಕೌಲಿಯ ಗೂಟದ ಹತ್ತಿರ ಬಗ್ಗಿ ನೆಲ ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

"ಟೀಚರ್, ಬೆಳಿಗ್ಗೆ ಹಾಕಿದ ಸಗಣಿ ಇನ್ನೂ ಹಸಿ ಇದೆ. ಎಷ್ಟು ಹೊತ್ತೊಳಗೆ ಮುಚ್ಚಬೇಕು?"

ಈಗಲೇ ಎಂದೆ. ಅವಳು ಹೆಡಿಗೆ ತಂದಳು. ನಾನೂ ಸೀರೆ ಸಿಕ್ಕಿಸಿ ಸೊಪ್ಪು ಎಳೆದೆ. ಯಾರೂ ಕರೆಯದೆ ನಾಗರಾಜ ಗುದ್ದಲಿ ತಂದು ಗದ್ದೆಯ ಮೂಲೆಯಲ್ಲಿ ಅಗೆಯತೊಡಗಿದ. ಒಟ್ಟು ಎಂಟು ಹೆಡಿಗೆಯಾಯಿತು. ಕತ್ತಲಾಗುವ ಮೊದಲು ಅಷ್ಟನ್ನೂ ಮಣ್ಣಿನಡಿ ಸೇರಿಸಿದೆವು.

ಶನಿವಾರ ಎಂಟು ಗಂಟೆಯ ಬಸ್ಸಿಗೆ ನಾನೊಬ್ಬಳೇ ರಸ್ತೆಗೆ ಬಂದೆ. ಸಾವಿತ್ರಿ ಬೆಳಗಾಗುವ ಮೊದಲೇ ಗದ್ದೆಗಿಳಿದಿದ್ದಳು. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಕಂಡಳು. ಒಂದೊಂದೇ ಕುಪ್ಪೆಗೆ ಸುತ್ತಲಿನ ಮಣ್ಣು ಕಡಿದು ಎಳೆದು ಮುಚ್ಚುತ್ತಿದ್ದಳು. ಎರಡು ಸಾಲು ಮುಗಿದಿತ್ತು, ಇನ್ನೂ ಹತ್ತು ಹನ್ನೆರಡು ಸಾಲು ಉಳಿದಿತ್ತು. ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಸರು ಹಿಡಿದು ಕೂಗಿದೆ. ಅವಳು ತಲೆ ಎತ್ತಲಿಲ್ಲ. ಬಿಸಿಲು ಏರುತ್ತಿತ್ತು, ಅವಳಿಗೆ ಪುರುಸೊತ್ತಿರಲಿಲ್ಲ.